ಮನೆಯ ಮಕ್ಕಳಿಗೆ ಮನೆಯಲ್ಲಿಯೇ ಸತ್ಯವೇದ ಪಾಠ

ಆಧಾರ ವಾಕ್ಯ: ಧರ್ಮೋಪದೇಶಕಾಂಡ 6: 6, 7



ಮೇಲೆ ಸೂಚಿಸಿದ ವಚನಗಳಲ್ಲಿ ಮೋಶೆಯು ಇಸ್ರಾಯೇಲ್ ಜನರಿಗೆ ಕೊಟ್ಟ ಅಪ್ಪಣೆಯನ್ನು ನೀವು ಅನೇಕ ಸಾರಿ ಕೇಳಿದ್ದೀರಿ. ದೇವರ ಮಾತು ಮೊದಲು ತಂದೆತಾಯಿಗಳ ಹೃದಯದಲ್ಲಿ ನೆಲೆಗೊಳ್ಳಬೇಕು. ಬಳಿಕ ಅದು ಅವರ ಬಾಯಿಂದ ಮಕ್ಕಳ ಕಿವಿಗೆ ಬೀಳಬೇಕು. ಕೂತಾಗಲೂ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಆ ಮಾತು ಮನೆಯಲ್ಲಿ ಸುಳಿದಾಡುತ್ತಿರಬೇಕು. ಇದೇ ಆ ಅಪ್ಪಣೆಯ ತಾತ್ಪರ್ಯ. ಸ್ವಲ್ಪ ನಿಂತು ಯೋಚಿಸಿರಿ. ಈ ವಚನಗಳಲ್ಲಿ ಯಾಜಕನ ಹೆಸರಿಲ್ಲ, ಲೇವಿಯನ ಹೆಸರಿಲ್ಲ, ಆಲಯದ ಹೆಸರೂ ಇಲ್ಲ. ಮಕ್ಕಳಿಗೆ ಕಲಿಸುವ ಭಾರವು ಹೆತ್ತವರ ಹೆಗಲಿನ ಮೇಲೆಯೇ ಇಡಲ್ಪಟ್ಟಿದೆ.

ನಮ್ಮ ಪಾಂಡವಪುರದ ಸೀಮೆಯವರಿಗೆ ಈ ಸಂಗತಿಯನ್ನು ತಿಳಿಸಲು ದೂರದ ದೃಷ್ಟಾಂತ ಬೇಕಾಗಿಲ್ಲ. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸವು ಪ್ರಾರಂಭವಾಯಿತು. ಆ ಕಟ್ಟೆಯ ನೀರನ್ನು ನಮ್ಮ ಕಡೆಗೆ ತರುವದಕ್ಕಾಗಿ ದೊಡ್ಡ ನಾಲೆಯನ್ನು ತೋಡಿದರು. ಮೊದಲು ಇರ್ವಿನ್ ನಾಲೆಯೆಂದು ಹೆಸರಾಗಿದ್ದ ಅದನ್ನು ಈಗ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯುತ್ತೇವೆ. ಮಳೆಯನ್ನೇ ನಂಬಿಕೊಂಡು ರಾಗಿ ಬೆಳೆಯುತ್ತಿದ್ದ ಬೆದ್ದಲುಗಳಲ್ಲಿ ಬತ್ತವೂ ಕಬ್ಬೂ ತಲೆಯೆತ್ತಿದವು. ಆದರೆ ಕಟ್ಟೆ ತುಂಬಿದ ಮಾತ್ರಕ್ಕೆ ಯಾವನ ಗದ್ದೆಯಾದರೂ ನೆನೆಯಿತೋ? ಇಲ್ಲ. ಕಟ್ಟೆಯಿಂದ ನಾಲೆಗೆ, ನಾಲೆಯಿಂದ ತೂಬಿಗೆ ನೀರು ಬರುವದು. ನೀರುಗಂಟಿಯು ತೂಬನ್ನೆತ್ತಿ ತನ್ನ ದಾರಿ ಹಿಡಿಯುವನು. ಅಲ್ಲಿಂದ ಮುಂದಕ್ಕೆ, ತನ್ನ ಗದ್ದೆಯ ಬದುವಿನವರೆಗೆ, ಗುದ್ದಲಿ ಹಿಡಿದು ಕಾಲುವೆ ತೆಗೆಯತಕ್ಕವನು ರೈತನೇ. ಆ ಕಡೆಯ ಹತ್ತು ಮಾರು ಕಾಲುವೆಯನ್ನು ಅವನು ತೆಗೆಯದಿದ್ದರೆ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಅವನ ಪೈರು ಒಣಗುವದು.

ಪ್ರಿಯರೇ, ದೇವರ ವಾಕ್ಯವೂ ಹೀಗೆಯೇ ನಮ್ಮ ಬಳಿಗೆ ಬಂದಿದೆ. 1810ರಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದು, ಸುಮಾರು 20 ವರುಷ ಶ್ರಮಪಟ್ಟು, ಸತ್ಯವೇದವನ್ನು ಕನ್ನಡಕ್ಕೆ ತಂದರು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಅವರ ಛಾಪಖಾನೆಯು ಪ್ರಾರಂಭವಾಯಿತು. ನಮ್ಮ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನಿನವರು ಹಳ್ಳಿಹಳ್ಳಿಗೂ ಶಾಲೆಗಳನ್ನೂ ಸುವಾರ್ತೆಯನ್ನೂ ತಂದರು. ಇವರೆಲ್ಲರೂ ಕಟ್ಟೆ ಕಟ್ಟಿದವರು, ನಾಲೆ ತೋಡಿದವರು. ಭಾನುವಾರದ ಆರಾಧನೆಯೂ ಮಕ್ಕಳ ಸಂಡೇಸ್ಕೂಲೂ ತೂಬಿನ ಹಾಗಿವೆ. ಆದರೆ ತೂಬಿನಿಂದ ನಮ್ಮ ಮಗುವಿನ ಹೃದಯದ ವರೆಗಿರುವ ಕಡೆಯ ಕಾಲುವೆಯನ್ನು ತೆಗೆಯುವವರು ಯಾರು? ಸಭಾಪಾಲಕರು ತೆಗೆಯಲಾರರು, ಉಪದೇಶಿಯು ತೆಗೆಯಲಾರನು. ವಾರಕ್ಕೆ 168 ಗಂಟೆಗಳಿವೆ. ಅವುಗಳಲ್ಲಿ ಒಂದೆರಡು ಗಂಟೆ ಮಾತ್ರ ಮಗುವು ಸಭೆಯ ಕೈಯಲ್ಲಿರುವದು. ಮಿಕ್ಕ ಹೊತ್ತಿನಲ್ಲಿ ಹೆಚ್ಚು ಪಾಲು ನಿಮ್ಮ ಜಗಲಿಯ ಮೇಲೆಯೂ ನಿಮ್ಮ ಒಲೆಯ ಮುಂದೆಯೂ ಕಳೆಯುವದು.

ಇದನ್ನು ನಿಮಗೆ ಹೇಳುವದಕ್ಕೆ ಮೊದಲು ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳಬೇಕು. ಒಂದು ಭಾನುವಾರ ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ರೂತಳು ಯಾರೆಂದು ಕೇಳಿದರು. ನನ್ನ ಮಗನಿಗೆ ಆಗ ಎಂಟು ವರುಷ. ಉಪದೇಶಿಯ ಮಗನಲ್ಲವೇ, ಅವನೇ ಮೊದಲು ಹೇಳುವನೆಂದು ಎಲ್ಲರೂ ಅವನ ಮುಖವನ್ನು ನೋಡಿದರು. ಅವನು ತಲೆತಗ್ಗಿಸಿ ಕಾಲ್ಬೆರಳಿನಿಂದ ನೆಲವನ್ನು ಕೆರೆಯುತ್ತಾ ನಿಂತನು. ಅವನ ಪಕ್ಕದಲ್ಲಿದ್ದ ಒಬ್ಬ ಚಿಕ್ಕ ಹುಡುಗಿಯು ರೂತಳ ಕಥೆಯನ್ನು ಮೊದಲಿಂದ ಕಡೆಯವರೆಗೆ, ತಾನೇ ಕಣ್ಣಾರೆ ನೋಡಿದವಳಂತೆ ಹೇಳಿದಳು. ಅವಳ ತಾಯಿ ಕೂಲಿಮಾಡುವವಳು, ಒಂದಕ್ಷರವನ್ನೂ ಓದಲರಿಯಳು.

ಆರಾಧನೆ ಮುಗಿದ ಮೇಲೆ ನಾನು ಆ ತಾಯಿಯ ಬಳಿಗೆ ಹೋಗಿ, "ಏನಮ್ಮಾ, ಮಗುವಿಗೆ ಇದನ್ನು ಯಾರು ಕಲಿಸಿದರು?" ಎಂದು ಕೇಳಿದೆನು. ಆಕೆಯು ನಾಚಿಕೊಂಡು, "ನಾನೇ ಹೇಳಿದೆ, ಅಯ್ಯನವರೇ. ಹೋದ ಸುಗ್ಗಿಯಲ್ಲಿ ನೀವು ಆ ಕಥೆಯನ್ನು ಓದಿದ್ದಿರಿ. ನಾವೂ ಹಕ್ಕಲು ಆಯುವವರಲ್ಲವೇ? ಗದ್ದೆಯಲ್ಲಿ ಮಗುವೂ ನನ್ನ ಜೊತೆಯಲ್ಲಿತ್ತು. ಬಗ್ಗಿ ಒಂದೊಂದು ತೆನೆಯನ್ನು ಎತ್ತುವಾಗ ಒಂದೊಂದು ಮಾತು ಹೇಳಿದೆ" ಎಂದಳು. ಆಮೇಲೆ ತನ್ನ ಗುಡಿಸಲಿಗೆ ಕರೆದುಕೊಂಡು ಹೋಗಿ ಒಂದು ತಗಡಿನ ಡಬ್ಬಿಯನ್ನು ತೋರಿಸಿದಳು. ಅದರಲ್ಲಿ ಒಂದು ಹಿಡಿ ಬತ್ತದ ತೆನೆ, ನಾಲೆಯ ಪಕ್ಕದಲ್ಲಿ ಆರಿಸಿಕೊಂಡ ಐದು ನುಣುಪು ಕಲ್ಲುಗಳು, ಒಂದು ಕೆಂಪು ದಾರ, ಒಂದು ನಾಣ್ಯ ಇದ್ದವು. ತೆನೆಯು ರೂತಳಿಗೆ, ಕಲ್ಲುಗಳು ದಾವೀದನಿಗೆ, ದಾರವು ರಾಹಾಬಳಿಗೆ, ನಾಣ್ಯವು ಮನೆ ಗುಡಿಸಿ ಹುಡುಕಿದ ಹೆಂಗಸಿಗೆ. ರಾತ್ರಿ ಮಗುವು ಡಬ್ಬಿಯಿಂದ ಒಂದನ್ನು ತೆಗೆಯುವದು, ತಾಯಿ ಅದರ ಕಥೆಯನ್ನು ಹೇಳುವಳು. ಇದೇ ಆಕೆಯ ಪಾಠಶಾಲೆ.

ನಾನು ಸೆಮಿನರಿಯಲ್ಲಿ ಓದಿದವನು. ನನ್ನ ಪೆಟ್ಟಿಗೆಯಲ್ಲಿ ಪ್ರಸಂಗದ ಟಿಪ್ಪಣಿಗಳು ಕಟ್ಟುಕಟ್ಟಾಗಿವೆ. ಆದರೂ ಆ ದಿವಸ ಮನೆಗೆ ಹೋಗುವಾಗ ನನಗೆ ನೆನಪಾದವನು ಏಲಿಯೇ. ಅವನು ಶೀಲೋವಿನಲ್ಲಿ ಎಲ್ಲರ ಕಾಣಿಕೆಗಳನ್ನೂ ದೇವರ ಮುಂದಿಟ್ಟನು, ಪರರ ಮಗನಾದ ಸಮುವೇಲನಿಗೆ ದೇವರ ಸ್ವರವನ್ನು ತಿಳಿಯುವ ಬಗೆಯನ್ನು ಕಲಿಸಿದನು. ಅವನ ಸ್ವಂತ ಮಕ್ಕಳಾದರೋ ದೇವರನ್ನು ಅರಿಯದವರಾಗಿದ್ದರು. ಪ್ರಿಯರೇ, ನಾನು ಹತ್ತು ಹಳ್ಳಿಗಳಿಗೆ ತೂಬೆತ್ತುವ ನೀರುಗಂಟಿಯಾಗಿ ನನ್ನ ಗದ್ದೆಯನ್ನು ಮಾತ್ರ ಒಣಗಲು ಬಿಟ್ಟಿದ್ದೆನು.

ಆ ವಾರವೇ ನನ್ನ ಮಗನಿಗೂ ಚಿಕ್ಕ ಮಗಳಿಗೂ ಪಾಠ ಸಿದ್ಧಪಡಿಸಲು ತೊಡಗಿದೆನು. ಮೊದಲನೆಯ ಪಾಠವು ಪ್ರಸಂಗದಂತೆ ಉದ್ದವಾಯಿತು, ಇಬ್ಬರೂ ನಿದ್ದೆಹೋದರು. ಎರಡನೆಯದು ಪರೀಕ್ಷೆಯಂತಾಯಿತು, ನಾನು ಗದರಿಸಿದೆನು, ಮಗಳು ಅತ್ತಳು. ಮೂರನೆಯ ಸಾರಿ ಆದಿಕಾಂಡದ 22ನೆಯ ಅಧ್ಯಾಯವನ್ನು ತೆಗೆದುಕೊಂಡೆನು. ಅಬ್ರಹಾಮನು ಇಸಾಕನನ್ನು ಮೊರೀಯ ದೇಶದ ಬೆಟ್ಟಕ್ಕೆ ಕರೆದುಕೊಂಡು ಹೋದ ಕಥೆ ಅದು. ವಿಧೇಯತ್ವವೆಂಬ ತಲೆಬರಹದಡಿಯಲ್ಲಿ ಮೂರು ಭಾಗಗಳುಳ್ಳ ಟಿಪ್ಪಣಿಯು ನನ್ನಲ್ಲಿತ್ತು. ನಾನು ಅದರಂತೆಯೇ ಹೇಳುತ್ತಾ ಹೋದೆನು. ನನ್ನ ಮಗನು ನಡುವೆ ಬಾಯಿಹಾಕಿ, "ಅಪ್ಪಾ, ದೇವರು ಕೇಳಿದರೆ ನೀನೂ ನನ್ನನ್ನು ಹಾಗೆ ಕಟ್ಟುವೆಯಾ?" ಎಂದು ಕೇಳಿದನು. ನನ್ನ ಟಿಪ್ಪಣಿಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಕಥೆಯನ್ನು ಮುಗಿಸುವದಕ್ಕೇ ಅವಸರಪಟ್ಟೆನು. ಆ ರಾತ್ರಿ ಅವನು ಎಂದಿನಂತೆ ನನ್ನ ಪಕ್ಕದಲ್ಲಿ ಮಲಗಲಿಲ್ಲ. ತಾಯಿಯ ಸೆರಗನ್ನು ಹಿಡಿದುಕೊಂಡು ಮಲಗಿದನು.

ನಾನು ಬಹಳ ಹೊತ್ತು ಎಚ್ಚರವಾಗಿದ್ದೆನು. ಪಾಠದಲ್ಲಿ ತಪ್ಪಿರಲಿಲ್ಲ, ಆದರೆ ಅದು ನನ್ನ ಮಗನಿಗಾಗಿ ಮಾಡಿದ ಪಾಠವಾಗಿರಲಿಲ್ಲ. ಅದನ್ನು ದೊಡ್ಡವರಿಗಾಗಿ ಮಾಡಿದ್ದೆನು. ಕತ್ತಲಿಗೆ ಅಂಜುವವನೂ ತಂದೆಯು ಊರಿಗೆ ಹೋದರೆ ಬಾಗಿಲಲ್ಲಿಯೇ ಕಾಯುವವನೂ ಆದ ಈ ಒಬ್ಬ ಹುಡುಗನ ಗುಣವನ್ನು ಬಲ್ಲವನು ನಾನೊಬ್ಬನೇ. ಬಲ್ಲ ನಾನೇ ಅದನ್ನು ನೋಡದೆ ಹೋದೆನು.

ಮರುದಿವಸ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಹದ್ದಿನ ನೆರಳು ಬಿತ್ತು. ಕೋಳಿಯು ಕೂಗಿ ತನ್ನ ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸಿಕೊಂಡಿತು. ನಾನು ಮಗನನ್ನು ಕರೆದು ತೋರಿಸಿದೆನು. "ಯೇಸು ಸ್ವಾಮಿಯು ಯೆರೂಸಲೇಮಿನವರನ್ನು ನೋಡಿ, ನಾನು ಈ ಕೋಳಿಯ ಹಾಗೆ ನಿಮ್ಮನ್ನು ಸೇರಿಸಿಕೊಳ್ಳಲು ಎಷ್ಟೋ ಸಾರಿ ಬಯಸಿದೆನೆಂದು ದುಃಖಪಟ್ಟನು" ಎಂದು ಹೇಳಿದೆನು. ಅವನು ಕೋಳಿಯನ್ನೇ ನೋಡುತ್ತಾ ಕೂತನು. ಅಂದು ಬೇರೇನೂ ಹೇಳಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಾಯಂಕಾಲ ಅವನೇ ಹಳೆಯ ಕಥೆಯನ್ನು ಎತ್ತಿ, "ಅಪ್ಪಾ, ಆ ಟಗರು ಪೊದೆಗೆ ಹೇಗೆ ಬಂತು?" ಎಂದು ಕೇಳಿದನು. "ಮಗನೇ, ಅದನ್ನು ದೇವರೇ ಒದಗಿಸಿದನು. ಅಬ್ರಹಾಮನ ಕೈಯನ್ನು ತಡೆದವನೂ ಆತನೇ. ನಮ್ಮ ದೇವರು ಮಕ್ಕಳನ್ನು ಬಲಿ ಕೇಳುವವನಲ್ಲ, ನಮಗಾಗಿ ತನ್ನ ಮಗನನ್ನೇ ಕೊಟ್ಟವನು" ಎಂದೆನು. ಆ ರಾತ್ರಿ ಅವನು ನನ್ನ ಪಕ್ಕದಲ್ಲಿ ಮಲಗಿದನು. ಸೆಮಿನರಿಯಲ್ಲಿ ನಾನು ಕಲಿತ ಆ ಅಧ್ಯಾಯದ ಅರ್ಥವು ಅಂದೇ ನನ್ನ ಹೃದಯಕ್ಕೆ ಇಳಿಯಿತು.

ಆದದರಿಂದ ನಾನು ಹೇಳಬೇಕೆಂದಿರುವ ಮಾತು ಒಂದೇ. ಮಗುವಿನ ಪಾಠವನ್ನು ಆ ಮಗುವನ್ನು ಬಲ್ಲವರೇ ಮಾಡತಕ್ಕದ್ದು. ಅಚ್ಚಾದ ಪಾಠಪುಸ್ತಕಗಳು ಒಳ್ಳೇವು. ಈಗಿನ ಕಾಲದಲ್ಲಿ ಕೈಯಲ್ಲಿರುವ ಫೋನಿನಲ್ಲಿಯೂ ಚಿತ್ರಸಹಿತವಾದ ಕಥೆಗಳು ಬೇಕಾದಷ್ಟು ಸಿಕ್ಕುವವು. ಅವುಗಳನ್ನು ಬೇಡವೆನ್ನುವದಿಲ್ಲ. ಆದರೆ ನಿಮ್ಮ ಮಗುವು ಯಾವದಕ್ಕೆ ಅಂಜುವದು, ಯಾವದಕ್ಕೆ ಸುಳ್ಳಾಡುವದು, ನಿನ್ನೆ ಯಾರೊಡನೆ ಜಗಳವಾಡಿತು ಎಂಬದು ಆ ಪುಸ್ತಕವನ್ನು ಬರೆದವನಿಗೆ ತಿಳಿಯದು. ನಿಮಗೆ ತಿಳಿಯುವದು.

ಇದು ಹೊಸ ಬೋಧನೆಯಲ್ಲ. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಸ್ವಾಮಿಗಳು 1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಸಂದರ್ಶಿಸಿ, ಜನರ ಅಜ್ಞಾನವನ್ನು ಕಂಡು ನೊಂದು, ಮರುವರುಷ 1529ರಲ್ಲಿ ಸಣ್ಣ ಪ್ರಶ್ನೋತ್ತರ ಪುಸ್ತಕವನ್ನು ಬರೆದರು. ಅದರ ಭಾಗಗಳು ಮನೆಯ ಯಜಮಾನನು ತನ್ನ ಮನೆಯವರಿಗೆ ಸರಳವಾಗಿ ಕಲಿಸತಕ್ಕ ರೀತಿಯಲ್ಲಿ ಬರೆಯಲ್ಪಟ್ಟಿವೆ. ಅಂದರೆ ಮನೆಯೇ ಅದರ ಮೊದಲನೆಯ ಪಾಠಶಾಲೆ.

ನಮ್ಮ ಮೈಸೂರು ಸೀಮೆಗೆ ಬಂದ ಮಿಶನಿಗೆ ವೆಸ್ಲಿಯನ್ ಎಂಬ ಹೆಸರು ಯಾರಿಂದ ಬಂತೋ ಆ ಜಾನ್ ವೆಸ್ಲಿಯವರ ತಾಯಿ ಸುಸಾನಾ ಎಂಬಾಕೆ. ಆಕೆಯು ಇಂಗ್ಲೆಂಡಿನ ಎಪ್‌ವರ್ತ್ ಎಂಬ ಹಳ್ಳಿಯಲ್ಲಿ ಸಭಾಪಾಲಕನ ಹೆಂಡತಿ. ಹೆತ್ತ 19 ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಹತ್ತೇ ಮಂದಿ. ಮನೆಯಲ್ಲಿ ಸಾಲ, ಬಡತನ. 1709ನೆಯ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಮನೆ ಪುನಃ ಕಟ್ಟುವ ತನಕ ಮಕ್ಕಳು ಪರರ ಮನೆಗಳಲ್ಲಿ ಚದರಿ ಇದ್ದು ಕೆಟ್ಟ ಮಾತುಗಳನ್ನು ಕಲಿತರು. ಆಗ ಆ ತಾಯಿ ಸುಮ್ಮನೆ ಅಳುತ್ತಾ ಕೂಡಲಿಲ್ಲ. ತನ್ನ ಮಕ್ಕಳಿಗಾಗಿ ತಾನೇ ಪಾಠಗಳನ್ನು ಬರೆದಳು. 1710ರ ಸುಮಾರಿನಲ್ಲಿ ಒಬ್ಬ ಮಗಳಿಗೋಸ್ಕರ ಅಪೊಸ್ತಲರ ವಿಶ್ವಾಸಪ್ರಮಾಣಕ್ಕೆ ಅರ್ಥವನ್ನು ಪತ್ರದ ರೂಪದಲ್ಲಿ ಬರೆದಳು. ಮಕ್ಕಳಿಗೆ ಅಕ್ಷರ ಬಂದ ಕೂಡಲೆ ಆದಿಕಾಂಡದ ಮೊದಲನೆಯ ಅಧ್ಯಾಯದಿಂದಲೇ ಓದಿಸುತ್ತಿದ್ದಳು. ವಾರದ ಪ್ರತಿ ಸಾಯಂಕಾಲವನ್ನು ಮಕ್ಕಳಿಗೆ ಹಂಚಿಕೊಟ್ಟು, ಆಯಾ ಮಗುವಿನ ಸಂಗಡ ಒಬ್ಬಳೇ ಕೂತು ಅದರ ಆತ್ಮದ ವಿಷಯವಾಗಿ ಮಾತಾಡುತ್ತಿದ್ದಳು. ಜಾನನ ಪಾಲಿಗೆ ಗುರುವಾರ ಬಂದಿತ್ತು. ಅವನು ಬೆಳೆದು ಆಕ್ಸ್‌ಫರ್ಡಿನಲ್ಲಿ ಪಂಡಿತನಾದ ಮೇಲೆಯೂ ಆ ಗುರುವಾರದ ಹೊತ್ತಿನಂಥ ಸಹಾಯವನ್ನೇ ಬೇಡಿ ತಾಯಿಗೆ ಪತ್ರ ಬರೆದನು. ಗ್ರಂಥಗಳ ನಡುವೆ ಕೂತಿದ್ದ ಪಂಡಿತನು ಹಳ್ಳಿಮನೆಯ ತಾಯಿಯ ಪಾಠವನ್ನು ಮರೆಯಲಿಲ್ಲ.

"ನಾವು ಓದಲರಿಯೆವು, ನಮ್ಮಿಂದ ಪಾಠವಾಗುವದೋ?" ಎಂದು ಕೆಲವರು ಕೇಳುವರು. ಆ ತಗಡಿನ ಡಬ್ಬಿಯ ತಾಯಿಯೇ ನಿಮಗೆ ಉತ್ತರ. ಓದಲರಿಯದವರಿಗೂ ಮರೆಯದ ಹಾಗೆ, ಒಂದು ಕೈಯ ಲೆಕ್ಕದಲ್ಲಿ ಪಾಠದ ಕ್ರಮವನ್ನು ಹೇಳುತ್ತೇನೆ.

ಹೆಬ್ಬೆರಳು ವಾಕ್ಯ. ಒಂದೇ ಕಥೆ, ಅಥವಾ ಒಂದೇ ವಚನ, ಹೆಚ್ಚು ಬೇಡ. ಭಾನುವಾರ ಸಭೆಯಲ್ಲಿ ಓದಿದ ಭಾಗವನ್ನೇ ತೆಗೆದುಕೊಂಡರೆ ಸಾಕು. ಓದಬಲ್ಲ ಮಗುವಿದ್ದರೆ ಅದರಿಂದಲೇ ಓದಿಸಿರಿ. ತೋರುಬೆರಳು ವಸ್ತು. ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಒಂದು ಪದಾರ್ಥವನ್ನು ತೋರಿಸಿರಿ. ನಡುಬೆರಳು ಕಥೆ. ಅದನ್ನು ನಿಮ್ಮ ಮನೆಮಾತಿನಲ್ಲಿ ಹೇಳಿರಿ. ಆದರೆ ಇದು ಉಳಿದ ಬೆರಳುಗಳಿಗಿಂತ ಸ್ವಲ್ಪ ಮಾತ್ರ ಉದ್ದವೆಂಬದನ್ನು ಮರೆಯಬೇಡಿರಿ. ಉಂಗುರದ ಬೆರಳು ಪ್ರಶ್ನೆ. ನೀವು ಒಂದು ಕೇಳಿರಿ, ಮಗುವು ಒಂದು ಕೇಳಲಿ. ಕಿರುಬೆರಳು ಕ್ರಿಯೆ. ಮರುದಿವಸ ಮಾಡಬಹುದಾದ ಒಂದು ಸಣ್ಣ ಕೆಲಸವಿರಲಿ. ಕಡೆಗೆ ಎರಡು ಕೈಗಳನ್ನೂ ಜೋಡಿಸಿದರೆ ಪ್ರಾರ್ಥನೆಯಾಯಿತು. ಒಲೆಯ ಮೇಲೆ ಮುದ್ದೆಗೆ ಎಸರು ಮರಳುವಷ್ಟು ಹೊತ್ತಿನಲ್ಲಿ ಇದೆಲ್ಲವೂ ಮುಗಿಯಬೇಕು.

ಪಾಠಕ್ಕೆ ಬೇಕಾದ ವಸ್ತುಗಳು ಎಲ್ಲಿ ಸಿಕ್ಕುವವು? ನಮ್ಮ ಕರ್ತನೇ ಅವುಗಳನ್ನು ಹೊಲದಿಂದಲೂ ಅಡಿಗೆಮನೆಯಿಂದಲೂ ತೆಗೆದುಕೊಂಡನಲ್ಲವೇ? ಮುಂಗಾರಿನಲ್ಲಿ ರಾಗಿ ಬಿತ್ತುವಾಗ ಮಗುವನ್ನು ಕೂರಿಗೆಯ ಹಿಂದೆ ನಡಿಸಿರಿ. ದಾರಿಯ ಮೇಲೆ ಬಿದ್ದ ಕಾಳನ್ನು ಗುಬ್ಬಿ ತಿನ್ನುವದನ್ನೂ, ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಮೊಳೆತದ್ದು ಬಾಡುವದನ್ನೂ, ಕಳೆಯ ನಡುವೆ ಪೈರು ಸೊರಗುವದನ್ನೂ ಅದು ನೋಡಲಿ. ಮತ್ತಾಯನ 13ನೆಯ ಅಧ್ಯಾಯವು ಅದರ ಕಣ್ಣೆದುರಿಗೇ ತೆರೆಯಲ್ಪಡುವದು. ಆಮೇಲೆ, "ನಮ್ಮ ಮನೆಯಲ್ಲಿ ಕಳೆ ಯಾವದು?" ಎಂದು ಕೇಳಿರಿ. ಎಚ್ಚರ! ಮಗುವು ನಿಜವನ್ನೇ ಹೇಳೀತು. "ಅಪ್ಪನ ಕುಡಿತ" ಎಂದು ಹೇಳೀತು. "ಅಮ್ಮನ ಬೈಗಳು" ಎಂದು ಹೇಳೀತು. ಆಗ ಹೊಡೆಯಲು ಕೈಯೆತ್ತಬೇಡಿರಿ. ಪಾಠವು ಆ ಹೊತ್ತಿಗೆ ನಿಮ್ಮ ಕಡೆಗೆ ತಿರುಗಿದೆ. ಕರ್ತನು ಮಗುವಿನ ಬಾಯಿಂದ ನಿಮಗೆ ಕಲಿಸುತ್ತಾನೆ.

ಆಲೆಮನೆಯ ಕಾಲ ಬಂದಾಗ ಮಗುವನ್ನು ಕೊಪ್ಪರಿಗೆಯ ಬಳಿಗೆ, ಆದರೆ ಬೆಂಕಿಯಿಂದ ದೂರದಲ್ಲಿ, ನಿಲ್ಲಿಸಿಕೊಳ್ಳಿರಿ. ಕಬ್ಬಿನ ಹಾಲು ಕುದಿಯುತ್ತಾ ಕುದಿಯುತ್ತಾ ಕೊಳೆಯೆಲ್ಲಾ ನೊರೆಯಾಗಿ ಮೇಲಕ್ಕೆ ಬರುವದು; ಬೆಲ್ಲ ಕಾಯಿಸುವವನು ಅದನ್ನು ತೆಗೆದುಹಾಕುತ್ತಲೇ ಇರುವನು. ಅವನು ಪಾಕವನ್ನು ಬಿಟ್ಟು ಎದ್ದು ಹೋಗುವನೋ? ಹೋದರೆ ಬೆಲ್ಲ ಸೀದುಹೋಗುವದು. ಮಲಾಕಿಯ ಪ್ರವಾದನೆಯ 3ನೆಯ ಅಧ್ಯಾಯದಲ್ಲಿ ಬೆಳ್ಳಿಯನ್ನು ಶೋಧಿಸುವವನ ಹಾಗೆ ಕರ್ತನು ಕೂತಿರುವನೆಂಬ ಮಾತಿದೆ. ಕಷ್ಟವೆಂಬ ಬೆಂಕಿಯಲ್ಲಿ ದೇವರು ನಮ್ಮನ್ನು ಬಿಟ್ಟು ಏಳುವದಿಲ್ಲವೆಂಬದನ್ನು ಬೆಲ್ಲದ ಅಚ್ಚು ಬಾಯಲ್ಲಿರುವಾಗಲೇ ಮಗುವಿಗೆ ಹೇಳಿರಿ. ಅದು ಸಾಯುವ ತನಕ ಮರೆಯದು. ಸುಗ್ಗಿಯಲ್ಲಿ ರೂತಳ ಕಥೆಯನ್ನು ಹೇಳಿ, ಸ್ವಂತ ಗದ್ದೆಯುಳ್ಳವರು ಒಂದು ಮೂಲೆಯ ಹಕ್ಕಲನ್ನು ಬಡವರಿಗಾಗಿ ಮಗುವಿನ ಕೈಯಿಂದಲೇ ಬಿಡಿಸಿರಿ. ಇದೇ ಕಿರುಬೆರಳಿನ ಕ್ರಿಯೆ.

ಓದಬರೆಯ ಬಲ್ಲವರು ಒಂದು ನೋಟುಬುಕ್ಕನ್ನು ಇಟ್ಟುಕೊಳ್ಳಿರಿ. ಎಡಪುಟದಲ್ಲಿ ಪಾಠದ ವಾಕ್ಯವನ್ನೂ ವಸ್ತುವನ್ನೂ ಬರೆಯಿರಿ. ಬಲಪುಟದಲ್ಲಿ ತಾರೀಖನ್ನು ಹಾಕಿ ಮಗುವು ಕೇಳಿದ ಪ್ರಶ್ನೆಯನ್ನು ಬರೆಯಿರಿ. ಉತ್ತರ ತಿಳಿಯದಿದ್ದರೆ, "ನನಗೆ ತಿಳಿಯದು, ಸಭಾಪಾಲಕರನ್ನು ಕೇಳಿ ಬರುತ್ತೇನೆ" ಎಂದು ಹೇಳಲು ನಾಚಬೇಡಿರಿ. ತಿಳಿಯದ್ದನ್ನು ಕಲ್ಪಿಸಿ ಹೇಳುವದೇ ನಾಚಿಕೆಗೆ ಕಾರಣ. ಮನೆಮಾತಿನಲ್ಲಿ ಹೇಳುವ ಸ್ವಾತಂತ್ರ್ಯವುಂಟು. ವಾಕ್ಯದಲ್ಲಿಲ್ಲದ್ದನ್ನು ಸೇರಿಸುವ ಸ್ವಾತಂತ್ರ್ಯವಿಲ್ಲ. ಆದಕಾರಣ ತಿಂಗಳಿಗೊಂದು ಸಾರಿ ನಾಲ್ಕೈದು ಮನೆಯವರು ಕೂಡಿ ನಿಮ್ಮ ಪಾಠಗಳನ್ನು ಒಬ್ಬರಿಗೊಬ್ಬರು ಹೇಳಿ ಸತ್ಯವೇದದೊಂದಿಗೆ ಹೋಲಿಸಿ ನೋಡಿರಿ.

ಇನ್ನು ಮೂರು ಎಚ್ಚರಿಕೆಯ ಮಾತುಗಳು.

ಮೊದಲನೆಯದಾಗಿ, ದೇವರನ್ನು ಗುಮ್ಮನನ್ನಾಗಿ ಮಾಡಬೇಡಿರಿ. ಊಟಮಾಡದಿದ್ದರೆ ದೇವರು ಕಣ್ಣು ಕೀಳುವನು, ಗಲಾಟೆಮಾಡಿದರೆ ನರಕಕ್ಕೆ ಹಾಕುವನು ಎಂದು ಹೆದರಿಸುವ ತಾಯಂದಿರಿದ್ದಾರೆ. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಕರ್ತನ ಮುಖವು ಆ ಮಕ್ಕಳಿಗೆ ಹೇಗೆ ಕಂಡೀತು?

ಎರಡನೆಯದಾಗಿ, ನೆರೆಯವರ ನಿಂದೆಯು ನಿಮ್ಮ ಪಾಠದಲ್ಲಿ ಬರಬಾರದು. ನಾವು ಮೇಲುಕೋಟೆಗೂ ತೊಣ್ಣೂರಿಗೂ ಹತ್ತಿರದಲ್ಲಿ ವಾಸಿಸುವವರು. ಊರಿನ ಹಿರಿಯರು ಕುಂತಿಬೆಟ್ಟವನ್ನು ಬೆರಳಿಟ್ಟು ತೋರಿಸಿ, ಪಾಂಡವಪುರಕ್ಕೆ ಆ ಹೆಸರೇಕೆ ಬಂತೆಂಬ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವರು. ನಾವು ಅವರನ್ನು ಹಾಸ್ಯಮಾಡುವದಕ್ಕೆ ಬದಲಾಗಿ ಅವರಿಂದ ಕಲಿಯಬೇಕು. ಅವರು ತಮ್ಮ ಕಥೆಗಳನ್ನು ಮಕ್ಕಳಿಗೆ ತಪ್ಪದೆ ಹೇಳುತ್ತಾರೆ. ನಾವು ನಮ್ಮದನ್ನು ಹೇಳುತ್ತೇವೋ? ಯೊರ್ದನಿನ ನಡುವಿನಿಂದ ಎತ್ತಿ ತಂದ ಹನ್ನೆರಡು ಕಲ್ಲುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದಾಗ, ಮುಂದೆ ಮಕ್ಕಳು ಇವೇನೆಂದು ಕೇಳುವರು, ಆಗ ತಂದೆಗಳು ಉತ್ತರ ಕೊಡಬೇಕೆಂದು ಯೆಹೋಶುವನು ಹೇಳಿದನು. ನಿಮ್ಮ ಮಗುವು, "ಅಪ್ಪಾ, ನಾವು ಯಾಕೆ ಕ್ರೈಸ್ತರಾದೆವು?" ಎಂದು ಕೇಳಿದರೆ ನಿಮ್ಮ ಉತ್ತರವೇನು? ಅದನ್ನೇ ನಿಮ್ಮ ಮನೆಯ ಮೊದಲನೆಯ ಪಾಠವನ್ನಾಗಿ ಮಾಡಿರಿ. ನಿಮ್ಮ ಅಜ್ಜನು ಎಲ್ಲಿ ಆ ಮಾತನ್ನು ಕೇಳಿದನು, ಏನನ್ನು ಬಿಟ್ಟನು, ಏನನ್ನು ಪಡೆದನು ಎಂಬದನ್ನು ಹೇಳಿರಿ. ಅದು ಯಾವ ಛಾಪಖಾನೆಯಲ್ಲಿಯೂ ಸಿಕ್ಕದ ಪಾಠ.

ಮೂರನೆಯದಾಗಿ, ಒಬ್ಬರೇ ಇದ್ದೀರೆಂದು ಧೈರ್ಯಗೆಡಬೇಡಿರಿ. "ಯಜಮಾನರು ಸಭೆಗೆ ಬರುವದಿಲ್ಲ, ನಾನೊಬ್ಬಳು ಏನು ಮಾಡಲಿ?" ಎಂದು ಕೇಳುವ ಸಹೋದರಿಯರಿದ್ದಾರೆ. ತಿಮೊಥೆಯನ ತಂದೆಯು ಗ್ರೀಕನೆಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಓದುತ್ತೇವೆ. ತಾಯಿಯಾದ ಯೂನಿಕೆಯೂ ಅಜ್ಜಿಯಾದ ಲೋವಿಯೂ ಚಿಕ್ಕಂದಿನಿಂದ ಅವನಿಗೆ ದೇವರ ವಾಕ್ಯವನ್ನು ಉಣಿಸಿದರು. ಆ ಇಬ್ಬರು ಹೆಂಗಸರ ಪಾಠದಿಂದ ಬೆಳೆದವನೇ ಪೌಲನ ಜೊತೆಕೆಲಸದವನಾದನು. ಅಮ್ಮಾ, ನಿನ್ನ ಒಲೆಯ ಮುಂದಿನ ಪಾಠವನ್ನು ಅಲ್ಪವೆಂದೆಣಿಸಬೇಡ.

ನ್ಯಾಯಸ್ಥಾಪಕರ ಪುಸ್ತಕದ 2ನೆಯ ಅಧ್ಯಾಯದಲ್ಲಿ ಒಂದು ಭಯಂಕರವಾದ ಸಂಗತಿಯಿದೆ. ಯೆಹೋಶುವನ ಕಾಲದವರೆಲ್ಲರೂ ತೀರಿಹೋದ ಮೇಲೆ, ಕರ್ತನನ್ನೂ ಆತನು ಮಾಡಿದ ಕಾರ್ಯಗಳನ್ನೂ ಅರಿಯದ ಬೇರೊಂದು ಸಂತತಿಯು ಹುಟ್ಟಿತೆಂದು ಅಲ್ಲಿ ಹೇಳಿದೆ. ಶತ್ರುಗಳು ಬಂದು ಅವರ ವಿಶ್ವಾಸವನ್ನು ಕಸಕೊಳ್ಳಲಿಲ್ಲ. ಹೆತ್ತವರ ಮೌನವೇ ಸಾಕಾಯಿತು. ನಮ್ಮ ಮಕ್ಕಳು ನಾಳೆ ಓದಿಗೂ ಕೂಲಿಗೂ ಮೈಸೂರಿಗೆ ಹೋಗುವರು, ಬೆಂಗಳೂರಿಗೆ ಹೋಗುವರು. ಆಗ ಅವರ ಜೊತೆಯಲ್ಲಿ ಹೋಗುವದು ಯಾವದು? ನಮ್ಮ ಗುಡಿಯ ಗಂಟೆ ಹೋಗಲಾರದು, ಉಪದೇಶಿಯ ಪ್ರಸಂಗವೂ ಹೋಗಲಾರದು. ತಾಯಿಯ ಡಬ್ಬಿಯ ಐದು ಕಲ್ಲುಗಳು ಅವರ ಎದೆಯೊಳಗೆ ಹೋಗುವವು. ಹಿತ್ತಲಲ್ಲಿ ತಂದೆಯು ತೋರಿಸಿದ ಕೋಳಿಯ ರೆಕ್ಕೆಯು ಹೋಗುವದು.

ಸಹೋದರನೇ, ನಾಲೆಯಲ್ಲಿ ನೀರು ಬಂದಿದೆ, ತೂಬು ತೆರೆದಿದೆ. ಗುದ್ದಲಿ ನಿನ್ನ ಮೂಲೆಯಲ್ಲಿದೆ. ಈ ಹೊತ್ತು ರಾತ್ರಿ ಊಟಕ್ಕೆ ಮುಂಚೆ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಕಥೆಯನ್ನು ಹೇಳು. ತಡವರಿಸಿದರೂ ಚಿಂತೆಯಿಲ್ಲ, ಹೇಳು.

ಪ್ರಾರ್ಥನೆ: ಪರಲೋಕದ ತಂದೆಯೇ, ನೀನು ನಮಗೆ ಒಪ್ಪಿಸಿದ ಮಕ್ಕಳ ವಿಷಯದಲ್ಲಿ ನಾವು ಮೌನವಾಗಿದ್ದ ತಪ್ಪನ್ನು ಕ್ಷಮಿಸು. ನಿನ್ನ ವಾಕ್ಯವನ್ನು ಮೊದಲು ನಮ್ಮ ಹೃದಯದಲ್ಲಿ ನೆಡು. ನಮ್ಮ ಮಕ್ಕಳ ಭಯವನ್ನೂ ಪ್ರಶ್ನೆಯನ್ನೂ ಕಾಣುವ ಕಣ್ಣುಗಳನ್ನೂ, ನಿನ್ನ ಪ್ರೀತಿಯನ್ನು ತಿಳಿಸುವ ಸರಳವಾದ ಮಾತುಗಳನ್ನೂ ನಮಗೆ ಕೊಡು. ನಾವು ತೆಗೆಯುವ ಚಿಕ್ಕ ಕಾಲುವೆಯಲ್ಲಿ ನಿನ್ನ ಜೀವಜಲವು ಹರಿಯುವಂತೆ ಮಾಡು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.